ಎರಡು ಚಿತ್ರಗಳ ನಡುವಣ ಬರಹ

ಅಂಚಿನಲ್ಲಿ ಬರೆದದ್ದನ್ನು ಓದುವ ಚಾಳಿ ನನಗೆ ವಿದ್ಯಾರ್ಥಿದೆಸೆಯಿಂದಲೂ ಉಂಟು. ಹಳೆಯ ಓಲೆಗರಿಯ ಕಟ್ಟುಗಳಲ್ಲಿ ಕಾವ್ಯ ಮುಗಿದ ಮೇಲೆ ಮಿಕ್ಕ ಜಾಗದಲ್ಲಿ ಮನೆಯ ಲೆಕ್ಕವನ್ನೋ, ಯಾವುದೋ ಕಷಾಯದ ವಿವರವನ್ನೋ ಯಾರೋ ಗೀಚಿಟ್ಟಿರುತ್ತಾರೆ. ಕವಿಗೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಖಾಲಿ ಜಾಗ ಕಂಡಿತು, ಬರೆದರು. ಇಂದು ನಾನು ಹೇಳಹೊರಟಿರುವುದು ಅಂಥದೇ ಒಂದು ಅಂಚಿನ ಬರಹದ ಕಥೆಯನ್ನು. ಆದರೆ ಅದು ಓಲೆಯ ಅಂಚಿನದಲ್ಲ, ಟೆಲಿವಿಷನ್ ಚಿತ್ರದ ಅಂಚಿನದು. ಅದಕ್ಕೆ ಟೆಲಿಟೆಕ್ಸ್ಟ್ ಎಂದು ಹೆಸರು.

೨೦೧೧ರ ಬೇಸಗೆಯಲ್ಲಿ ಅಕ್ಕನ ಎರಡನೆಯ ಬಾಣಂತನಕ್ಕೆಂದು ಅಮ್ಮ ಲಂಡನ್ನಿಗೆ ಹೊರಟಾಗ ಜೊತೆಗೆ ನಾನೂ ಹೋಗಬೇಕಾಯಿತು. ಆಗ ನಾನಿನ್ನೂ ಅತಿಥಿ ಉಪನ್ಯಾಸಕ. ರಜೆಯ ತಿಂಗಳುಗಳಿಗೆ ಸಂಬಳವಿಲ್ಲವಾದ್ದರಿಂದ ರಜೆ ಕೇಳುವ ತೊಂದರೆಯೂ ಇರಲಿಲ್ಲ. ಊರಹೊರಗಿನ ಬಡಾವಣೆಯ ಆ ಸಣ್ಣ ಮನೆಯಲ್ಲಿ ನಮಗಿಂತ ಮೊದಲೇ ಅಕ್ಕನ ಮಾವನವರು ಬಂದಿದ್ದರು. ಹಾಸನ ಜಿಲ್ಲೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿ ನಿವೃತ್ತರಾದವರು. ಮನೆಯವರಿಗೂ ಊರವರಿಗೂ ಅವರು ‘ಮೇಷ್ಟರು’. ನಿವೃತ್ತಿಯ ಅನಂತರ ಅವರ ಕಿವಿ ಎರಡೂ ಮಂದವಾಗುತ್ತ ಬಂದು, ಆ ವೇಳೆಗೆ ಪೂರ್ಣವಾಗಿ ಹೋಗಿದ್ದವು. ಅವರು ಮಾತನಾಡುತ್ತಿದ್ದರು, ನಾವು ಬರೆಯುತ್ತಿದ್ದೆವು. ಅದಕ್ಕೆಂದೇ ಅವರ ಜೇಬಿನಲ್ಲಿ ಸದಾ ಒಂದು ಪುಸ್ತಕ, ಅದಕ್ಕೆ ದಾರದಿಂದ ಕಟ್ಟಿದ ಒಂದು ಪೆನ್ಸಿಲು.

ಕಿವಿ ಕೇಳದವರ ಕೋಣೆಯಲ್ಲಿ ಟೆಲಿವಿಷನ್ನು ಏಕೆ ಎಂದು ಮೊದಲ ದಿನ ನನಗೆ ಅನ್ನಿಸಿದ್ದು ನಿಜ. ಭಾವ ಹೊಸದನ್ನು ಕೊಂಡಾಗ ಹಳೆಯದನ್ನು ತಂದೆಯ ಕೋಣೆಗೆ ಹಾಕಿದ್ದರು. ಬೆನ್ನು ಉಬ್ಬಿದ ಹಳೆಯ ಕಾಲದ ಪೆಟ್ಟಿಗೆ. ಮೇಷ್ಟರು ಕೈಯಲ್ಲಿದ್ದ ಗುಂಡಿಪಟ್ಟಿಯ ಮೇಲೆ ೮೮೮ ಎಂದು ಒತ್ತಿದರು. ಸುದ್ದಿ ಓದುವವನ ಎದೆಯ ಮೇಲೆ ಅವನಾಡುತ್ತಿದ್ದ ಮಾತು ಕಪ್ಪು ಪಟ್ಟಿಯಲ್ಲಿ ಅಕ್ಷರವಾಗಿ ಮೂಡತೊಡಗಿತು. “ನೋಡಯ್ಯಾ ಪಂಡಿತ, ಇಲ್ಲಿ ಟೀವಿ ಓದೋಕೆ ಬರುತ್ತೆ,” ಎಂದರು. ಆ ದನಿಯಲ್ಲಿದ್ದ ಹೆಮ್ಮೆ, ಆ ಯಂತ್ರವನ್ನು ತಾವೇ ಕಟ್ಟಿದವರ ಹೆಮ್ಮೆಯಂತಿತ್ತು.

ಯಂತ್ರದ ಒಳಗುಟ್ಟನ್ನು ತಿಳಿದುಕೊಂಡದ್ದು ಆಮೇಲೆ. ಭಾಷೆಯ ಮೇಷ್ಟರಾದ ನಮಗೂ ಅದರಲ್ಲಿ ಸ್ವಾರಸ್ಯವುಂಟಾದ್ದರಿಂದ ವಾಚಕರು ಸ್ವಲ್ಪ ತಾಳ್ಮೆ ವಹಿಸಬೇಕು. ಬ್ರಿಟನ್ನಿನಲ್ಲಿಯೂ ನಮ್ಮಲ್ಲಿಯೂ ನಡೆದುಬಂದ ಹಳೆಯ ಪದ್ಧತಿಯ ಟೆಲಿವಿಷನ್ ಚಿತ್ರವೆಂದರೆ ೬೨೫ ಗೆರೆಗಳ ನೇಯ್ಗೆ. ಪೆಟ್ಟಿಗೆಯೊಳಗಿನ ಎಲೆಕ್ಟ್ರಾನ್ ಕಿರಣ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಗೆರೆ ಎಳೆಯುತ್ತ ಬರುತ್ತದೆ. ಸೆಕೆಂಡಿಗೆ ಐವತ್ತು ಬಾರಿ ಕೆಳಗಿನ ಮೂಲೆಯನ್ನು ಮುಟ್ಟಿ ಮತ್ತೆ ಮೇಲಕ್ಕೆ ಹಿಂದಿರುಗಬೇಕು. ಹೊಲದ ತುದಿ ಮುಟ್ಟಿದ ಎತ್ತನ್ನು ತಿರುಗಿಸಿಕೊಳ್ಳಲು ರೈತನಿಗೆ ಒಂದು ಗಳಿಗೆ ಬೇಕಷ್ಟೆ. ಹಾಗೆ ಕಿರಣ ಹಿಂದಿರುಗುವ ಅವಧಿಗೆಂದು ಬಿಟ್ಟ ಗೆರೆಗಳಲ್ಲಿ ಚಿತ್ರವಿರುವುದಿಲ್ಲ. ೬೨೫ರಲ್ಲಿ ಸುಮಾರು ಐವತ್ತು ಗೆರೆ ಹೀಗೆ ಬೀಳುಬಿದ್ದ ನೆಲ. ಕಿವುಡರಿಗಾಗಿ, ಉಳಿದವರ ಚಿತ್ರವನ್ನು ಕೆಡಿಸದಂತೆ ಅಡಿಬರಹ ಕಳುಹಿಸುವುದು ಹೇಗೆಂದು ಯೋಚಿಸುತ್ತಿದ್ದ ಬಿ.ಬಿ.ಸಿ.ಯ ಎಂಜಿನಿಯರುಗಳಿಗೆ ಈ ಬೀಳುನೆಲ ಕಣ್ಣಿಗೆ ಬಿತ್ತು. ಅಲ್ಲಿ ಅಡಿಬರಹವನ್ನಷ್ಟೇ ಅಲ್ಲ, ಪುಟಪುಟಗಳನ್ನೇ ಬಿತ್ತಬಹುದೆಂದು ಅನಂತರ ಹೊಳೆಯಿತು. ೧೯೭೪ರ ಸೆಪ್ಟೆಂಬರ್ ೨೩ರಂದು ‘ಸೀಫ್ಯಾಕ್ಸ್’ ಎಂಬ ಹೆಸರಿನಿಂದ ಆ ಸೇವೆ ಮೊದಲಾಯಿತು. ‘ಸಂಗತಿಗಳನ್ನು ನೋಡು’ ಎಂಬ ಇಂಗ್ಲಿಷ್ ಮಾತಿನ ಉಚ್ಚಾರಣೆಯನ್ನೇ ಹೆಸರಾಗಿಸಿದ ಶ್ಲೇಷೆ ಅದು. ಕಾಲಿನ್ ಮ್ಯಾಕಿಂಟೈರ್ ಎಂಬವರು ಮೊದಲ ಸಂಪಾದಕರು. ಮೊದಲಿಗಿದ್ದ ಪುಟಗಳು ಮೂವತ್ತು. ಎದುರು ಪಕ್ಷದ ವಾಣಿಜ್ಯ ವಾಹಿನಿಯವರು ಸುಮ್ಮನಿದ್ದಾರೆಯೆ? ‘ಒರಾಕಲ್’ ಎಂಬ ತಮ್ಮದನ್ನು ಹೊರತಂದರು. ಆ ಪದಕ್ಕೆ ನಮ್ಮಲ್ಲಿ ‘ಕಣಿ’ ಎನ್ನಬಹುದು. ಒಂದು ಉದ್ದನೆಯ ತಾಂತ್ರಿಕ ನಾಮಧೇಯದ ಮೊದಲಕ್ಷರಗಳನ್ನು ಹೆಕ್ಕಿ ಹೇಗೋ ಎಳೆದು ತಂದು ಕೂರಿಸಿದ ಹೆಸರದು. ಶ್ಲೇಷೆಯ ಸೊಗಸಿನಲ್ಲಿ ಮೊದಲಿನವರೇ ಮೇಲು. ಅದೃಷ್ಟಕ್ಕೆ, ಹೆಸರಿನಲ್ಲಿ ಜಗಳವಾಡಿದ ಇವರು ಲಿಪಿಯ ವಿಷಯದಲ್ಲಿ ಜಗಳವಾಡಲಿಲ್ಲ. ಇಬ್ಬರಿಗೂ ಒಂದೇ ಸಂಕೇತಕ್ರಮವೆಂದು ಒಪ್ಪಿಕೊಂಡರು. ಕಾಲಕ್ರಮದಲ್ಲಿ ಯೂರೋಪಿನ ಎಷ್ಟೋ ದೇಶಗಳು ಅದನ್ನೇ ತಮ್ಮ ಅಕ್ಷರಗಳಿಗೆ ಹೊಂದಿಸಿಕೊಂಡವು.

ಆ ಪುಟದ ಅಳತೆಯನ್ನು ಕೇಳಿ. ಅಡ್ಡಕ್ಕೆ ೪೦ ಮನೆ, ಉದ್ದಕ್ಕೆ ೨೪ ಸಾಲು. ಒಟ್ಟು ೯೬೦ ಮನೆ. ಒಂದು ಮನೆಗೆ ಒಂದೇ ಅಕ್ಷರ. ಬಣ್ಣ ಏಳು, ಹಿಂದೆ ಕಪ್ಪು. ಬಣ್ಣ ಬದಲಿಸಬೇಕೆಂದರೆ ಆ ಅಪ್ಪಣೆಗೂ ಒಂದು ಮನೆ ಖರ್ಚು. ಅಂದರೆ ಕೆಂಪಿನಿಂದ ಹಳದಿಗೆ ಹೋಗುವ ಕಡೆಯಲ್ಲಿ ಒಂದು ಅಕ್ಷರದ ಜಾಗ ಬಿಟ್ಟುಕೊಡಲೇಬೇಕು. ಚಿತ್ರ ಬರೆಯಬೇಕೆಂದರೆ ಒಂದೊಂದು ಮನೆಯನ್ನೂ ಆರು ಚೌಕಗಳಾಗಿ ಒಡೆದು ತುಂಬುವುದು ಅಥವಾ ಬಿಡುವುದು. ಹೀಗೆ ಒಂದು ಮನೆಗೆ ಸಾಧ್ಯವಾಗುವ ವಿನ್ಯಾಸಗಳು ೬೪. ಕಂದಪದ್ಯದ ಮಾತ್ರೆಗಳೂ ಒಟ್ಟು ೬೪ ಎಂಬುದು ಕಾಕತಾಳೀಯವೇ ಸರಿ, ಆದರೂ ಲೆಕ್ಕ ಹಾಕಿದಾಗ ನನಗೆ ನಗು ಬಂದಿತು.

ನಾನು ಈ ಕಟ್ಟುಪಾಡನ್ನು ಮೆಚ್ಚಿ ಮೇಷ್ಟರ ಪುಸ್ತಕದಲ್ಲಿ ಏನೋ ಬರೆದು ತೋರಿಸಿದೆ. ಓದಿ ನಕ್ಕರು. “ನಿಮ್ಮ ಪಂಪನನ್ನ ಈ ನಲವತ್ತು ಮನೆ ಒಳಗೆ ಕೂರಿಸು ನೋಡೋಣ. ಚಂಪೂನ ಗದ್ಯ ಬಂದ ಕೂಡಲೇ ಗೋಡೆ ಒಡೆದುಕೊಂಡು ಆಚೆ ಬಂದುಬಿಡ್ತಾನೆ!” ಎಂದರು. ಪಂಪನ ಮಾತಿರಲಿ, ಸುದ್ದಿ ಬರೆಯುವವರಿಗೂ ಈ ಮನೆಗಳು ಸುಲಭವಾಗಿರಲಿಲ್ಲ. ತಲೆಬರಹ ಒಂದೇ ಸಾಲಿನಲ್ಲಿ ಮುಗಿಯಬೇಕು, ವಿಷಯ ನಾಲ್ಕು ಸಣ್ಣ ಖಂಡಿಕೆಗಳಲ್ಲಿ ಪೂರ್ತಿಯಾಗಬೇಕು. ಬಿ.ಬಿ.ಸಿ.ಯವರು ಅಂತರಜಾಲದಲ್ಲಿ ಸುದ್ದಿ ಪ್ರಕಟಿಸತೊಡಗಿದ ಮೇಲೆಯೂ ಅದೇ ಬರಹ ಸೀಫ್ಯಾಕ್ಸಿಗೂ ಒದಗಬೇಕಾಗಿದ್ದುದರಿಂದ, ಜಾಗಕ್ಕೆ ಮಿತಿಯೇ ಇಲ್ಲದ ಆ ಹೊಸ ಮಾಧ್ಯಮದಲ್ಲಿಯೂ ಅವರ ತಲೆಬರಹಗಳು ಮೂವತ್ತು ಮೂವತ್ತಮೂರು ಅಕ್ಷರಗಳೊಳಗೆ ನಿಲ್ಲುತ್ತಿದ್ದವು. ಆ ಬಿಗಿಯಾದ ಗದ್ಯವನ್ನು ನಾನು ಅಲ್ಲಿ ಓದಿದಷ್ಟು ದಿನವೂ ನನಗೆ ಒಂದು ಅನಾವಶ್ಯಕ ವಿಶೇಷಣ ಸಿಕ್ಕಲಿಲ್ಲ. ನಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಿಗೆ ಹೀಗೊಂದು ೯೬೦ ಮನೆಯ ಹಾಳೆಯನ್ನು ಕೊಡಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಉಪನ್ಯಾಸಕರ ಭಾಷಣಗಳಿಗೂ ಕೊಡಬಹುದು.

ಇನ್ನು ಪುಟಗಳು ಬರುತ್ತಿದ್ದ ಬಗೆ. ಇದನ್ನು ಅರ್ಥ ಮಾಡಿಕೊಳ್ಳದಿದ್ದರೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಟೆಲಿಟೆಕ್ಸ್ಟಿಗೆ ನಾವು ಏನನ್ನೂ ಕೇಳಲು ಬರುವುದಿಲ್ಲ. ಅದು ಒಮ್ಮುಖದ ಮಾತು. ಜಾತ್ರೆಯ ತಿರುಗುತೊಟ್ಟಿಲಿನಂತೆ ಎಲ್ಲ ಪುಟಗಳೂ ಒಂದರ ಹಿಂದೊಂದು ಸುತ್ತುತ್ತಲೇ ಇರುತ್ತವೆ. ನಾವು ಕೆಳಗೆ ನಿಂತು ನಮ್ಮ ತೊಟ್ಟಿಲು ಬಂದಾಗ ಹಿಡಿದುಕೊಳ್ಳಬೇಕು. ಒಂದು ಗೆರೆಗೆ ಒಂದು ಸಾಲಿನ ಅಕ್ಷರ ಹಿಡಿಸುತ್ತಿತ್ತು. ಕಿರಣದ ಒಂದೊಂದು ಹಿಂದಿರುಗುವಿಕೆಯಲ್ಲಿ ಎರಡು ಗೆರೆಗಳನ್ನು ಬಳಸಿದರೆ ಸೆಕೆಂಡಿಗೆ ನೂರು ಸಾಲು, ಎಂದರೆ ಸುಮಾರು ನಾಲ್ಕು ಪುಟ. ನೂರು ಪುಟ ಒಂದು ಸುತ್ತು ಬರಲು ಇಪ್ಪತ್ತೈದು ಸೆಕೆಂಡು. ಮುಂದೆ ಹೆಚ್ಚು ಗೆರೆಗಳನ್ನು ಬಳಸಿಕೊಂಡರು, ಪುಟಗಳನ್ನೂ ಹೆಚ್ಚಿಸಿದರು. ಪುಟದ ಅಂಕಿಯನ್ನು ಒತ್ತಿ ಕುಳಿತರೆ ತಲೆಯ ಸಾಲಿನಲ್ಲಿ ಅಂಕಿಗಳು ಓಡುತ್ತಿದ್ದವು. ನಮ್ಮದು ಬಂದೊಡನೆ ಗಕ್ಕನೆ ನಿಲ್ಲುತ್ತಿತ್ತು. ದಾರಿಯಲ್ಲಿ ಯಾವುದಾದರೂ ಅಕ್ಷರ ಕೆಟ್ಟಿತೋ, ಅದನ್ನು ಕಂಡುಹಿಡಿಯುವ ಉಪಾಯವೂ ಇತ್ತು. ಒಂದು ಅಕ್ಷರದ ಸಂಕೇತಕ್ಕೆ ಏಳು ಬಿಂದು, ಎಂಟನೆಯದು ಕಾವಲುಗಾರ. ಎಂಟರಲ್ಲಿ ‘ಒಂದು’ಗಳ ಸಂಖ್ಯೆ ಬೆಸವಾಗಿಯೇ ಇರಬೇಕೆಂಬ ಕರಾರು. ಸಮಸಂಖ್ಯೆ ಬಂದರೆ ಪೆಟ್ಟಿಗೆ ಅದನ್ನು ನಂಬದು. ಆ ಮನೆಯನ್ನು ಹಾಗೆಯೇ ಬಿಟ್ಟು, ಮುಂದಿನ ಸುತ್ತಿನಲ್ಲಿ ಅದೇ ಪುಟ ಬಂದಾಗ ಸರಿಯಾದ ಅಕ್ಷರವನ್ನು ತುಂಬಿಕೊಳ್ಳುವುದು. ಓದುಗನ ಕಣ್ಣೆದುರಿಗೇ ಗ್ರಂಥಪಾತ ತುಂಬಿಕೊಳ್ಳುತ್ತಿತ್ತು ಎನ್ನಬಹುದು.

ಆ ಜುಲೈ ತಿಂಗಳಲ್ಲಿ ಭಾರತದ ಕ್ರಿಕೆಟ್ ತಂಡ ಇಂಗ್ಲೆಂಡಿಗೆ ಬಂದಿತ್ತು. ಆ ಪ್ರವಾಸವನ್ನು ನೆನೆಸಿಕೊಳ್ಳಲು ಯಾರಿಗೂ ಇಷ್ಟವಿರಲಾರದು. ನಾಲ್ಕು ಟೆಸ್ಟುಗಳನ್ನೂ ಸೋತೆವು. ನೇರ ಪ್ರಸಾರ ಹಣ ತೆತ್ತು ಪಡೆಯುವ ಉಪಗ್ರಹ ವಾಹಿನಿಯ ಪಾಲಾಗಿತ್ತು, ಅದು ಭಾವನ ಮನೆಯಲ್ಲಿರಲಿಲ್ಲ. ರೇಡಿಯೋದಲ್ಲಿ ವೀಕ್ಷಕವಿವರಣೆಯೇನೋ ಉಂಟು, ಆದರೆ ಮೇಷ್ಟರಿಗೆ ಅದರಿಂದೇನು? ಅವರು ಹೊಸ್ತಿಲ ಬಳಿ ಕುರ್ಚಿ ಹಾಕಿಕೊಂಡು ೩೪೦ ಎಂದು ಒತ್ತುತ್ತಿದ್ದರು. ಅದು ಕ್ರಿಕೆಟ್ಟಿನ ಪುಟ. ಕಪ್ಪು ಪರದೆಯ ಮೇಲೆ ಹೆಸರುಗಳು, ಎದುರಿಗೆ ಅಂಕಿಗಳು. ಚೆಂಡಿಲ್ಲ, ದಾಂಡಿಲ್ಲ, ಹುಲ್ಲಿಲ್ಲ. ದ್ರಾವಿಡ್ ಎಂಬ ಹೆಸರಿನ ಮುಂದೆ ೬೧ ಇದ್ದುದು ೬೫ ಆಗುತ್ತಿತ್ತು. ಅದು ಕವರ್ ಡ್ರೈವೋ ಸ್ಕ್ವೇರ್ ಕಟ್ಟೋ ಎಂದು ನಾವು ಕಲ್ಪಿಸಿಕೊಳ್ಳಬೇಕು. ಲಾರ್ಡ್ಸಿನಲ್ಲಿ ೧೯೯೬ರಲ್ಲಿ, ಮೊತ್ತಮೊದಲ ಟೆಸ್ಟಿನಲ್ಲಿ, ಆತ ೯೫ಕ್ಕೆ ಔಟಾಗಿದ್ದನೆಂಬುದು ಕರ್ನಾಟಕದ ಮನೆಮನೆಗೂ ಗೊತ್ತು. ಜುಲೈ ೨೩ರ ಶನಿವಾರ ಅಂಕಿ ತೊಂಬತ್ತನ್ನು ದಾಟಿದಾಗ ಮೇಷ್ಟರು ಗುಂಡಿಪಟ್ಟಿಯನ್ನು ಕೆಳಗಿಟ್ಟು ಕೈಕಟ್ಟಿ ಕುಳಿತರು. ಇಬ್ಬರೂ ಮಾತಾಡಲಿಲ್ಲ. ಕೋಣೆಯಲ್ಲಿ ಯಾವ ಶಬ್ದವೂ ಇರಲಿಲ್ಲ. ಅವರಿಗೆ ಇಡೀ ಲೋಕ ಹೇಗೆ ಕೇಳಿಸುತ್ತಿತ್ತೋ ಹಾಗೆ ನನಗೂ ಆ ಅರ್ಧ ಗಂಟೆ ಕೇಳಿಸಿತು. ಅಂಕಿ ಬದಲಾಯಿತು, ಮೂರಂಕಿಯಾಯಿತು. ಮೇಷ್ಟರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೆಳಗಿನ ಮನೆಯಿಂದ ಅಮ್ಮ ಏನಾಯಿತೋ ಎಂದು ಗಾಬರಿಯಿಂದ ಮೆಟ್ಟಿಲೇರಿ ಬಂದಳು, ಮಗು ಎದ್ದು ಅತ್ತಿತು.

ಅಂದೇ ರಾತ್ರಿ ಬಿ.ಬಿ.ಸಿ.ಯ ವಾಹಿನಿಯೊಂದರಲ್ಲಿ ಹಳೆಯ ಚಲನಚಿತ್ರವೊಂದು ಬರುವುದಿತ್ತು. ಸಂತೋಷದಲ್ಲಿದ್ದ ಮೇಷ್ಟರು ಅದನ್ನು ಹಿಡಿದಿಡಲು ಮಗನಿಗೆ ಹೇಳಿದರು. ಭಾವ ಅಟ್ಟದ ಮೇಲಿದ್ದ ವೀಡಿಯೋ ಯಂತ್ರವನ್ನು ಇಳಿಸಿ, ಒಂದು ಕ್ಯಾಸೆಟ್ಟನ್ನು ಹಾಕಿ ಮುದ್ರಿಸಿಕೊಟ್ಟರು. ಮರುದಿನ ಅದನ್ನು ತಿರುಗಿಸಿದರೆ ಚಿತ್ರವೇನೋ ಬಂತು. ೮೮೮ ಒತ್ತಿದರೆ ಅಡಿಬರಹ ಮಾತ್ರ ಬರಲೊಲ್ಲದು. ಅಲ್ಲೊಂದು ಇಲ್ಲೊಂದು ಅಕ್ಷರ, ನಡುವೆ ಅರ್ಥವಿಲ್ಲದ ಚೌಕಗಳು. ಇದು ಯಾರ ತಪ್ಪೂ ಅಲ್ಲ. ಟೆಲಿಟೆಕ್ಸ್ಟಿನ ಬಿಂದುಗಳು ಸೆಕೆಂಡಿಗೆ ಸುಮಾರು ಅರವತ್ತೊಂಬತ್ತು ಲಕ್ಷದ ವೇಗದಲ್ಲಿ ಬರುವಂಥವು. ಮನೆಬಳಕೆಯ ಟೇಪಿಗೆ ಅಷ್ಟು ಸೂಕ್ಷ್ಮವಾದುದನ್ನು ಹಿಡಿಯುವ ಶಕ್ತಿಯಿಲ್ಲ. ಮಸಿ ಹರಡಿದ ಹಾಗೆ ಒಂದು ಬಿಂದು ಇನ್ನೊಂದರೊಳಕ್ಕೆ ಹರಡಿಕೊಳ್ಳುತ್ತದೆ. ಮೇಷ್ಟರು ಸ್ವಲ್ಪ ಹೊತ್ತು ನೋಡಿ ಯಂತ್ರವನ್ನು ನಿಲ್ಲಿಸಿದರು. ಕ್ಯಾಸೆಟ್ಟಿನ ಬೆನ್ನಿನ ಮೇಲೆ ತಮ್ಮ ದುಂಡಗಿನ ಅಕ್ಷರದಲ್ಲಿ ತಾರೀಖನ್ನು ಬರೆದು ಕೆಳಗೆ ‘ಅಕ್ಷರ ಬರಲಿಲ್ಲ’ ಎಂದು ಬರೆದರು.

ಹಳೆಯ ಪದ್ಧತಿಯ ಪ್ರಸಾರವನ್ನು ಬ್ರಿಟನ್ನು ಒಂದೊಂದೇ ಪ್ರಾಂತದಲ್ಲಿ ನಿಲ್ಲಿಸುತ್ತ ಬಂದು, ೨೦೧೨ರ ಅಕ್ಟೋಬರ್ ೨೩ರ ರಾತ್ರಿ ಕೊನೆಯದಾಗಿ ಉತ್ತರ ಐರ್ಲೆಂಡಿನಲ್ಲಿ ನಿಲ್ಲಿಸಿತು. ೧೯೭೨ರ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದಿದ್ದ ಮೇರಿ ಪೀಟರ್ಸ್ ಅವರು ಅದನ್ನು ಆರಿಸಿದರು. ಮೂವತ್ತೆಂಟು ವರ್ಷ ಸುತ್ತಿದ ತೊಟ್ಟಿಲು ಅಲ್ಲಿಗೆ ನಿಂತಿತು. ಅಡಿಬರಹ ಹೊಸ ಪದ್ಧತಿಯಲ್ಲಿ ಬೇರೆ ದಾರಿಯಿಂದ ಮುಂದುವರಿಯಿತೆನ್ನಿ. ಸ್ವೀಡನ್ನಿನಲ್ಲಿ ೧೯೭೯ರಲ್ಲಿಯೂ ನೆದರ್ಲೆಂಡ್ಸಿನಲ್ಲಿ ೧೯೮೦ರಲ್ಲಿಯೂ ಮೊದಲಾದ ಇಂಥ ಸೇವೆಗಳನ್ನಾದರೋ ಅಲ್ಲಿನವರು ಕೈಬಿಟ್ಟಿಲ್ಲ. ಅವೇ ಪುಟಗಳನ್ನು, ಅದೇ ಕಪ್ಪು ಹಿನ್ನೆಲೆಯ ಮೇಲೆ, ಈಗ ಮೊಬೈಲಿನಲ್ಲಿಯೂ ತೆರೆದು ಓದುತ್ತಾರೆ.

ನಮ್ಮ ದೇಶದಲ್ಲಿ? ೧೯೮೫ರಲ್ಲಿ ದೆಹಲಿಯ ದೂರದರ್ಶನ ‘ಇನ್‌ಟೆಕ್ಸ್ಟ್’ ಎಂಬ ಹೆಸರಿನಲ್ಲಿ ಇಂಥ ಸೇವೆಯನ್ನು ಆರಂಭಿಸಿದ್ದುಂಟು. ಅದು ಜನದ ಬಾಯಲ್ಲಿ ನಿಲ್ಲಲಿಲ್ಲ. ಓದಬಲ್ಲ ಪೆಟ್ಟಿಗೆಗಳು ಎಷ್ಟು ಮನೆಗಳಲ್ಲಿದ್ದಾವು! ಆದರೆ ಕನ್ನಡದವನಾಗಿ ನನ್ನನ್ನು ಕಾಡುವುದು ಇನ್ನೊಂದು ತೊಡಕು. ಆ ಸಂಕೇತಕ್ರಮದಲ್ಲಿ ಬರಹಕ್ಕೆ ದೊರೆಯುವ ಸ್ಥಾನಗಳು ೯೬. ಅಂಥ ಪೆಟ್ಟಿಗೆಗಳಿಗೆಂದು ತಯಾರಾಗುತ್ತಿದ್ದ ಒಂದು ಹೆಸರಾಂತ ಚಿಪ್ಪಿನಲ್ಲಿ ಒಂದು ಅಕ್ಷರದ ಮನೆ ಅಡ್ಡಕ್ಕೆ ಆರು ಚುಕ್ಕಿ, ಉದ್ದಕ್ಕೆ ಹತ್ತು ಚುಕ್ಕಿ. ಇಂಗ್ಲಿಷಿನ ‘ಎ’ ಅಲ್ಲಿ ಸುಖವಾಗಿ ಕುಳಿತುಕೊಳ್ಳುವುದು. ನಮ್ಮ ‘ಸ್ತ್ರೀ’ಯನ್ನು ಅದರಲ್ಲಿ ಕೂರಿಸಿ! ತಲೆಕಟ್ಟು ತೆಗೆದು ಗುಡಿಸು ಹಾಕಿ ದೀರ್ಘ ಕೊಟ್ಟು, ಕೆಳಗೆ ತಕಾರದ ಒತ್ತು, ಪಕ್ಕದಲ್ಲಿ ರಕಾರದ ಒತ್ತು. ಇವಕ್ಕೆಲ್ಲ ಆರು ಹತ್ತು ಚುಕ್ಕಿ ಎಲ್ಲಿಗೆ ಸಾಕು? ಬರಿಯ ಕಾಗುಣಿತಕ್ಕೇ ನಾನೂರಕ್ಕೂ ಮೇಲೆ ರೂಪಗಳು ಬೇಕು. ಲಿಪಿಯನ್ನು ನಿಂದಿಸುವವರು ಇಲ್ಲಿ ಬಾಯಿಬಿಡಬಹುದು. ನಾನು ಅವರ ಪಕ್ಷದವನಲ್ಲ. ಮನೆ ಸಣ್ಣದಾದರೆ ಮನೆಯನ್ನು ಕಟ್ಟಿದವನನ್ನು ಕೇಳಬೇಕೇ ಹೊರತು ಅತಿಥಿಯ ಕಾಲು ಕತ್ತರಿಸಬಾರದು. ಈಗಂತೂ ಕನ್ನಡ ಎಲ್ಲ ಪರದೆಗಳ ಮೇಲೂ ನಿರಾತಂಕವಾಗಿ ಓಡಾಡುತ್ತಿದೆ, ಆ ನೆಪವೂ ಉಳಿದಿಲ್ಲ.

ಹಾಗಿದ್ದೂ, ಹಾಸನಕ್ಕೆ ಮರಳಿದ ಮೇಲೆ ಮೇಷ್ಟರ ಟೆಲಿವಿಷನ್ನು ಮತ್ತೆ ಮೂಕವಾಯಿತು. ಒಮ್ಮೆ ನೋಡಲು ಹೋದಾಗ ಅವರು ವಾರ್ತೆಯ ಕೆಳಗೆ ಓಡುವ ಪಟ್ಟಿಯನ್ನು ಓದುತ್ತ ಕುಳಿತಿದ್ದರು. ಅದೇ ನಾಲ್ಕು ಸಾಲು ಸುತ್ತಿ ಸುತ್ತಿ ಬರುತ್ತಿತ್ತು. “ಇವರೆಲ್ಲ ಇಷ್ಟು ಹೊತ್ತು ಬಾಯಿ ಆಡಿಸ್ತಾರಲ್ಲ, ಅಷ್ಟನ್ನೂ ಒಂದು ಸಾಲಲ್ಲಿ ಬರೆಯೋಕೆ ಆಗುತ್ತೇನಪ್ಪಾ?” ಎಂದು ಕೇಳಿದರು. ನಾನು ಪೆನ್ಸಿಲು ಹಿಡಿದುಕೊಂಡು ಏನು ಬರೆಯಬೇಕೆಂದು ತಿಳಿಯದೆ ಸುಮ್ಮನಾದೆ. ಅವರು ೨೦೧೬ರಲ್ಲಿ ತೀರಿಕೊಂಡರು. ಶ್ರವಣದೋಷವುಳ್ಳವರಿಗೆ ಟೆಲಿವಿಷನ್ ಕಾರ್ಯಕ್ರಮಗಳು ನಿಲುಕುವಂತಿರಬೇಕೆಂದು ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯವು ಮಾನದಂಡಗಳನ್ನು ಹೊರಡಿಸಿದ್ದು ೨೦೧೯ರಲ್ಲಿ. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಕನ್ನಡದ ಧಾರಾವಾಹಿಯೊಂದಕ್ಕೆ ಕನ್ನಡದ ಅಡಿಬರಹ ಕಂಡ ನೆನಪು ನನಗಿಲ್ಲ. ನಮ್ಮ ಬೀದಿಯಲ್ಲೇ ಕಿವಿ ಮಂದವಾದ ಹಿರಿಯರು ಮೂವರಿದ್ದಾರೆ. ಆ ಮನೆಗಳಲ್ಲಿ ಟೆಲಿವಿಷನ್ನಿನ ಧ್ವನಿ ಬೀದಿಯ ಕೊನೆಗೂ ಕೇಳಿಸುತ್ತದೆ, ಅವರಿಗೆ ಕೇಳಿಸುವುದಿಲ್ಲ.

ಮೇಷ್ಟರ ಪೆಟ್ಟಿಗೆಯನ್ನು ವಿಲೇವಾರಿ ಮಾಡುವಾಗ ಭಾವ ಪುಸ್ತಕಗಳನ್ನು ನನಗೆ ಕೊಟ್ಟರು. ಅವುಗಳ ನಡುವೆ ಆ ಕ್ಯಾಸೆಟ್ಟೂ ಬಂದಿತ್ತು. ಅದನ್ನು ಅಷ್ಟು ದೂರದಿಂದ ಏಕೆ ಹೊತ್ತು ತಂದಿದ್ದರೋ ಭಾವನಿಗೂ ತಿಳಿಯದು. ಬಹುಕಾಲ ಅದು ನನ್ನ ಬೀರುವಿನಲ್ಲಿತ್ತು. ಹಳೆಯ ಟೇಪುಗಳಿಂದ ಟೆಲಿಟೆಕ್ಸ್ಟ್ ಪುಟಗಳನ್ನು ಮರಳಿ ಪಡೆಯುವವರು ಬ್ರಿಟನ್ನಿನಲ್ಲಿದ್ದಾರೆಂದು ಎರಡು ವರ್ಷದ ಹಿಂದೆ ಓದಿದೆ. ಹೆಚ್ಚಿನ ಪುಟಗಳನ್ನು ಯಾರೂ ಕಾಪಿಟ್ಟಿರಲಿಲ್ಲ. ಇಂದಿನ ಪುಟದ ಮೇಲೆ ನಾಳಿನದನ್ನು ಬರೆದರೆ ತೀರಿತು. ಆದರೆ ಯಾರೋ ಯಾವುದೋ ಕಾರ್ಯಕ್ರಮವನ್ನು ಟೇಪಿಗೆ ಹಿಡಿದಾಗ, ಅವರಿಗೆ ಅರಿವಿಲ್ಲದೆಯೇ, ಚಿತ್ರದ ನಡುವಣ ಬೀಳುಗೆರೆಗಳೂ ಮಸಿ ಹರಡಿದಂತೆ ಅದರಲ್ಲಿ ಉಳಿದಿರುತ್ತವೆ. ಒಂದು ಪುಟ ಗಂಟೆಗಳ ಕಾಲ ಸುತ್ತಿ ಸುತ್ತಿ ನೂರಾರು ಬಾರಿ ಬಂದಿರುತ್ತದಲ್ಲ, ಆ ಕೆಟ್ಟ ಪ್ರತಿಗಳನ್ನೆಲ್ಲ ಒಂದರೊಡನೊಂದು ಹೋಲಿಸಿ, ಯಾವ ಮನೆಯಲ್ಲಿ ಯಾವ ಅಕ್ಷರ ಇದ್ದಿರಬೇಕೆಂದು ಕಂಪ್ಯೂಟರು ನಿರ್ಣಯಿಸುತ್ತದೆ. ಓದುತ್ತ ನನಗೆ ಮೈ ಜುಮ್ಮೆಂದಿತು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ನಮಗೆ ಎಂ.ಎ. ತರಗತಿಯಲ್ಲಿ ಪಾಠ ಹೇಳಿದ ಗುರುಗಳು ಇದನ್ನೇ ಅಲ್ಲವೆ ಹೇಳಿದ್ದು? ಪ್ರತಿಗಳನ್ನು ಕೂಡಿಸು, ಪಾಠಾಂತರಗಳನ್ನು ಗುರುತಿಸು, ಲಿಪಿಕಾರನ ಸ್ಖಾಲಿತ್ಯ ಯಾವುದೆಂದು ಕಂಡುಕೋ. ವ್ಯತ್ಯಾಸವಿಷ್ಟೆ: ಇಲ್ಲಿ ಲಿಪಿಕಾರನಿಗೆ ನಿದ್ದೆ ಬರುವುದಿಲ್ಲ, ಅವನಿಗೆ ಸ್ವಂತ ಬುದ್ಧಿಯಿಂದ ತಿದ್ದುವ ಚಪಲವೂ ಇಲ್ಲ.

ನನ್ನ ಕನ್ನಡ ತರಗತಿಯಲ್ಲಿ ಕುಳಿತು ಹೋಗಿ ಈಗ ಎಂಜಿನಿಯರಾಗಿರುವ ಹುಡುಗನೊಬ್ಬನಿಗೆ ಕ್ಯಾಸೆಟ್ಟನ್ನು ಒಪ್ಪಿಸಿದೆ. ಅದನ್ನು ತಿರುಗಿಸುವ ಯಂತ್ರ ಹುಡುಕಲು ಅವನಿಗೆ ಎರಡು ತಿಂಗಳು ಹಿಡಿಯಿತು. ಹಳೆಯ ಕಂಪ್ಯೂಟರಿಗೆ ಜೋಡಿಸುವ ಟೆಲಿವಿಷನ್ ಕಾರ್ಡೊಂದನ್ನು ಗುಜರಿಯಿಂದ ತಂದನಂತೆ. ಕಳೆದ ತಿಂಗಳು ಬಂದು ಮೇಜಿನ ಮೇಲೆ ಒಂದು ಕಟ್ಟು ಹಾಳೆ ಇಟ್ಟ. “ಅಕ್ಷರ ಬಂದವೆ ಸರ್, ಅಲ್ಲಲ್ಲಿ ತೂತು ಬಿದ್ದಿದೆ ಅಷ್ಟೆ,” ಎಂದ.

ಚಲನಚಿತ್ರದ ಅಡಿಬರಹ ತೀರಾ ಕೆಟ್ಟಿತ್ತು. ಅದು ಒಂದೊಂದು ಸಲ ಮಾತ್ರ ಬಂದು ಹೋಗುವಂಥದು. ಹೋಲಿಸಲು ಎರಡನೆಯ ಪ್ರತಿ ಇಲ್ಲ. ಸುತ್ತಿ ಸುತ್ತಿ ಬಂದ ಪುಟಗಳು ಮಾತ್ರ ಉಳಿದಿದ್ದವು. ಹವಾಮಾನ, ರೈಲು, ಯಾವುದೋ ಅಡುಗೆ. ನಡುವೆ ೩೪೦. ಭಾರತದ ಹೆಸರುಗಳು ಒಂದರ ಕೆಳಗೊಂದು ನಿಂತಿದ್ದವು, ಕೆಲವಕ್ಕೆ ತಲೆಯಿಲ್ಲ, ಕೆಲವಕ್ಕೆ ಬಾಲವಿಲ್ಲ. ದ್ರಾವಿಡ್ ಎಂಬಲ್ಲಿ ನಡುವಣ ಒಂದು ಅಕ್ಷರ ಹೋಗಿತ್ತು. ಮುಂದೆ ‘ಔಟಾಗದೆ’ ಎಂಬರ್ಥದ ಮಾತು ಸ್ಪಷ್ಟವಾಗಿತ್ತು. ಅದರ ಮುಂದೆ ಒಂದು, ಸೊನ್ನೆ, ಆಮೇಲೆ ಖಾಲಿ ಮನೆ.

ಅದು ೧೦೩ ಎಂದು ನನಗೆ ಗೊತ್ತು, ಲೋಕಕ್ಕೇ ಗೊತ್ತು. ಆದರೂ ಕೆಂಪು ಶಾಯಿಯ ಲೇಖನಿಯನ್ನು ತೆಗೆದುಕೊಂಡು, ಪ್ರತಿಯಲ್ಲಿ ಇಲ್ಲದ್ದನ್ನು ಸಂಪಾದಕನು ಹೇಗೆ ತುಂಬಬೇಕೆಂದು ಗುರುಗಳು ಕಲಿಸಿದ್ದರೋ ಹಾಗೆಯೇ ಆ ಮನೆಯಲ್ಲಿ ಮೂರನ್ನು ಚೌಕದ ಕಂಸದೊಳಗೆ ಬರೆದೆ. ಆಮೇಲೆ ಕ್ಯಾಸೆಟ್ಟನ್ನು ಕೈಗೆತ್ತಿಕೊಂಡು, ಮೇಷ್ಟರ ದುಂಡಗಿನ ಅಕ್ಷರದ ಕೆಳಗೆ ಉಳಿದಿದ್ದ ಅಂಗುಲದಷ್ಟು ಜಾಗದಲ್ಲಿ ಅಂದಿನ ತಾರೀಖನ್ನು ಹಾಕಿ, ಹುಡುಗ ಹೇಳಿದ ಮಾತನ್ನೇ ಬರೆದಿಟ್ಟೆ.